ಗೂಡಲ್ಲ, ಮೊಟ್ಟೆ

ಹಾವಿಗೆ ಚಳಿಗಾಲ ಬೇಕೇ ಬೇಕು ಎಂದು ನಾನು ಓದಿದ್ದೆಲ್ಲ ಹೇಳುತ್ತಿತ್ತು. ಎರಡು ಮೂರು ತಿಂಗಳು ತಣ್ಣಗೆ, ಕತ್ತಲಲ್ಲಿ, ಆಹಾರವಿಲ್ಲದೆ ಇಟ್ಟರಷ್ಟೇ ಮುಂದೆ ಮೊಟ್ಟೆಯಲ್ಲಿ ಜೀವ ಕಟ್ಟುತ್ತದಂತೆ. ಇಟ್ಟಮಡುವಿನ ಮೂರನೇ ಮಹಡಿಯ ಒಂಟಿ ಕೋಣೆಗೆ ಅಂಥ ಚಳಿ ಎಲ್ಲಿಂದ ತರಲಿ? ಡಿಸೆಂಬರ್ ಬೆಳಗ್ಗೆ ಇಪ್ಪತ್ತೊಂದು ಡಿಗ್ರಿ, ಮಧ್ಯಾಹ್ನ ಇಪ್ಪತ್ತಾರು. ನನ್ನವು ಅಮೆರಿಕದ ಕೇರೆ ಹಾವುಗಳು, ಒಂದು ಜೋಡಿ, ಅರಣ್ಯ ಇಲಾಖೆಯಲ್ಲಿ ನೋಂದಣಿಯಾದವು. ಚೆನ್ನೈನಲ್ಲಿ ಇವನ್ನೇ ಸಾಕುವ ಗೆಳತಿ, ಚಳಿಯ ಗೊಡವೆ ಬಿಟ್ಟು ಎಂದಿನಂತೆ ಇಲಿ ಕೊಡು, ಹೆಣ್ಣು ಪೊರೆ ಕಳಚಿದಾಗ ಗಂಡನ್ನು ಜೊತೆಗೆ ಬಿಡು ಎಂದಳು. ಹಾಗೇ ಮಾಡಿದೆ. ಮೊಟ್ಟೆ ಬರಬಹುದು, ಜೀವ ಇರುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ಆ ಕೋಣೆ ನಾನು ನೋಡಿದ ಎಂಟನೆಯದು. ಏಳು ಕಡೆ ಹಾವು ಎಂದ ಕೂಡಲೇ ಬಾಗಿಲು ಹಾಕಿದ್ದರು. ಎಂಟನೆಯದಕ್ಕೆ ಹೋದಾಗ ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಹಾವು ಎನ್ನಬಾರದು, ಹುಳ ಎನ್ನಬೇಕು ಎಂದು ಅಮ್ಮ ಕಲಿಸಿದ್ದು ಬಾಯಿಗೆ ಬಂತು.

"ಹುಳ ಸಾಕ್ತೀನಿ ಆಂಟಿ. ಪರವಾಗಿಲ್ವಾ?"

ಮನೆ ಒಡತಿಯ ಮುಖ ಅರಳಿತು. "ಅಯ್ಯೋ, ನಮ್ಮ ತವರಲ್ಲೂ ಹುಳದ ಮನೆ ಇತ್ತು ಕಣಮ್ಮ! ಎಷ್ಟನೇ ಜ್ವರ?"

"ಜ್ವರ ಏನಿಲ್ಲ, ಆರೋಗ್ಯವಾಗಿವೆ."

ವಾರ ಕಳೆದು ಗೇಟಿನ ಹತ್ತಿರ ಒಂದು ಚೀಲ ಹಿಪ್ಪುನೇರಳೆ ಸೊಪ್ಪು ಕೈಗಿತ್ತಾಗ ತಿಳಿಯಿತು: ಅವರ ಮನಸ್ಸಿನಲ್ಲಿ ನಾನು ರೇಷ್ಮೆ ಹುಳ ಸಾಕುತ್ತಿದ್ದೇನೆ. ಜ್ವರ ಎಂದರೆ ಅವು ಮೇವು ಬಿಟ್ಟು ಪೊರೆ ಕಳಚುವ ಹಂತ. ನಿಜ ಹೇಳಿದರೆ ಒಂಬತ್ತನೇ ಮನೆ ಹುಡುಕಬೇಕು. ಕಿಟಕಿ ಮುಚ್ಚಿದೆ, ಪರದೆ ಎಳೆದೆ, ಹಾವುಗಳ ಡಬ್ಬಗಳನ್ನು ಮಂಚದಡಿಗೆ ತಳ್ಳಿದೆ. ಮಂಡಿ ನೋವಿನಿಂದ ಅವರು ಮಹಡಿ ಹತ್ತುತ್ತಿರಲಿಲ್ಲ, ಕೆಳಗಿನಿಂದಲೇ ಕೇಳುತ್ತಿದ್ದರು.

"ಗೂಡು ಕಟ್ಟಿದ್ವೇನಮ್ಮ?"

"ಇನ್ನೂ ಇಲ್ಲ ಆಂಟಿ."

"ಅದ್ಯಾವ ಸೋಮಾರಿ ಹುಳ ತಂದಿದ್ಯೋ!"

ಮಾರ್ಚ್‌ನಲ್ಲಿ ಹೆಣ್ಣು ಹನ್ನೊಂದು ಮೊಟ್ಟೆ ಇಟ್ಟಿತು. ಮೂರು ಜಳ್ಳು. ಎಂಟು ಬೆಳ್ಳಗೆ, ತುಂಬಿಕೊಂಡಿದ್ದವು. ಏಳು ಒಂದಕ್ಕೊಂದು ಅಂಟಿದ್ದವು, ಒಂದು ಬೇರೆಯಾಗಿತ್ತು. ಮೊದಲ ದಿನ ಕಳೆದ ಮೇಲೆ ಮೊಟ್ಟೆ ಮಗುಚಿದರೆ ಒಳಗಿನ ಮರಿ ಸಾಯಬಹುದು. ಹಾಗಾಗಿ ಪ್ರತಿಯೊಂದರ ನೆತ್ತಿಗೂ ಪೆನ್ಸಿಲಿನಿಂದ ಗುರುತು ಹಾಕಿ, ಮುಚ್ಚಳವಿದ್ದ ಪೆಟ್ಟಿಗೆಯಲ್ಲಿಟ್ಟೆ. ಎರಡು ವಾರದ ಬಳಿಕ ಮೊಬೈಲ್ ಟಾರ್ಚ್ ಹಿಡಿದರೆ ಎಂಟರಲ್ಲೂ ಕೆಂಪು ನರಗಳು. ಚಳಿಯಿಲ್ಲದೆಯೇ ಜೀವ ಕಟ್ಟಿತ್ತು. ಚೆನ್ನೈನ ಗೆಳತಿಯನ್ನು ಬಿಟ್ಟರೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಒಂದು ಭಾನುವಾರ ನಾನು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ನೀರಿನ ಟ್ಯಾಂಕ್ ನೋಡಲೆಂದು ಆಂಟಿ ಹೇಗೋ ಮೇಲೆ ಬಂದರು. ಪಕ್ಕದ ನನ್ನ ಕೋಣೆಯ ಬಾಗಿಲು ತೆರೆದಿತ್ತು. ನಾನು ಒಳಗೆ ಓಡುವಷ್ಟರಲ್ಲಿ ಅವರು ಪೆಟ್ಟಿಗೆಯ ಮುಚ್ಚಳ ತೆಗೆದು, ಬೇರೆಯಾಗಿದ್ದ ಆ ಒಂದು ಮೊಟ್ಟೆಯನ್ನು ಕಿವಿಯ ಬಳಿ ಹಿಡಿದು, ಗೂಡಿನೊಳಗೆ ಹುಳ ಕುಲುಕುತ್ತದೆಯೇ ಎಂದು ಅಲ್ಲಾಡಿಸುತ್ತಿದ್ದರು.

"ಎಷ್ಟು ದಪ್ಪ ಗೂಡು ಕಣಮ್ಮ! ಮೆತ್ತಗಿದೆ ಯಾಕೆ?"

"ಆಂಟಿ, ಅಲ್ಲಾಡಿಸ್ಬೇಡಿ! ಹಾವಿನ ಮೊಟ್ಟೆ ಅದು. ಗುರುತು ಮೇಲೆ ಬರೋ ಹಾಗೆ ಇಟ್ಬಿಡಿ."

ಅವರು ಇಟ್ಟರು. ಕೈ ಸೆರಗಿಗೆ ಒರೆಸಿಕೊಂಡರು. "ಹುಳ ಅಂದಿದ್ಯಲ್ಲ?"

"ದೀಪ ಹಚ್ಚೋ ಹೊತ್ತಲ್ವಾ ಆಂಟಿ, ಹೆಸರು ಹೇಳಬಾರ್ದು ಅಂತ…"

"ಅದು ಸರಿ," ಎಂದುಬಿಟ್ಟು, ಮರುಕ್ಷಣ ಕೆರಳಿದರು. "ಏನ್ ಸರಿ! ಈಗ್ಲೇ ಖಾಲಿ ಮಾಡು."

"ಸಾಗಿಸೋವಾಗ ಕುಲುಕಾಡಿದ್ರೆ ಸಾಯ್ತವೆ ಆಂಟಿ."

ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ನಾನು ಅಲ್ಲಾಡಿಸಿದ್ನಲ್ಲ. ಸತ್ತೋಯ್ತಾ?"

"ಗೊತ್ತಿಲ್ಲ."

ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮುಚ್ಚಿದರು. ಆಮೇಲೆ ಹೇಳಿದರು, "ಮರಿ ಎಲ್ಲಾ ಆಚೆ ಬರ್ಲಿ. ಅವತ್ತೇ ನೀನೂ ಆಚೆ. ಅಲ್ಲೀವರ್ಗೂ ಕಿಟಕಿ ತೆಗೀಬೇಡ, ಅಕ್ಕಪಕ್ಕದೋರು ನೋಡಿದ್ರೆ ನನ್ನ ಕಥೆ ಮುಗೀತು."

ಏಪ್ರಿಲ್‌ನಲ್ಲಿ ಮುಚ್ಚಿದ ಕೋಣೆ ಮೂವತ್ತಮೂರು ಡಿಗ್ರಿ ಮುಟ್ಟಿತು. ಮೊಟ್ಟೆಗೆ ಅದು ಹೆಚ್ಚು. ಪೆಟ್ಟಿಗೆಯ ಸುತ್ತ ಒದ್ದೆ ಗೋಣಿ ಸುತ್ತಿದೆ, ಐಸ್ ಬಾಟಲಿ ಬದಲಿಸುತ್ತಾ ಅಲ್ಲೇ ಕೂತೆ. ಸಂಜೆ ಮನೆ ಹುಡುಕುತ್ತಿದ್ದೆ: ಸಾರಕ್ಕಿಯಲ್ಲಿ ನಾಲ್ಕು, ಮಡಿವಾಳದಲ್ಲಿ ಐದು. ಎಲ್ಲೂ ಆಗಲಿಲ್ಲ.

ಮೇ ಮೊದಲ ವಾರ ಮೊಟ್ಟೆಗಳು ಬಿರಿದವು. ಮೂರು ದಿನದಲ್ಲಿ ಏಳು ಮರಿ ಹೊರಬಂದವು. ಆಂಟಿ ಮೆಟ್ಟಿಲ ಬುಡದಿಂದ ಕೂಗಿದರು.

"ಬಂದ್ವಾ?"

"ಏಳು ಬಂದಿವೆ ಆಂಟಿ."

"ನಾನು ಅಲ್ಲಾಡಿಸಿದ್ದು?"

"ಅದು ಇನ್ನೂ ಇಲ್ಲ."

"ಹಂಗಾದ್ರೆ ಕಾಯಿ. ಅದೂ ಬರ್ಲಿ."

ಆ ಮೊಟ್ಟೆ ಹಳದಿಯಾಗಿ ಬೂಷ್ಟು ಹಿಡಿದು ವಾರವಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಪೆಟ್ಟಿಗೆಯಿಂದ ತೆಗೆದು ಎಸೆಯಲೂ ಇಲ್ಲ.