ಮಾಳಿಗೆ ಹತ್ತಿದ ಅಳಿಯ

ನನ್ನ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಬೇಸಿಗೆಯಿಂದಲೂ ಒಬ್ಬ ಕಪ್ಪು ಚಂದ್ರ ವಾಸವಾಗಿದ್ದಾನೆ. ಆಕಾಶದ ಚಂದ್ರನಿಗಿರುವ ವೃದ್ಧಿಕ್ಷಯಗಳು ಇವನಿಗಿಲ್ಲ. ಬುಡದಲ್ಲಿ ಹುಟ್ಟಿ, ಕಚೇರಿಯ ಕಡತ ಮೇಜಿನಿಂದ ಮೇಜಿಗೆ ಸರಿಯುವ ವೇಗದಲ್ಲಿ ಪ್ರಯಾಣ ಮಾಡುತ್ತ, ಮಳೆಗಾಲ ಮುಗಿಯುವ ಈ ಹೊತ್ತಿಗೆ ಉಗುರಿನ ಅಂಚಿಗೆ ಬಂದು ನಿಂತಿದ್ದಾನೆ. ಇನ್ನೊಂದು ಸಲ ಉಗುರು ಕತ್ತರಿಸಿದರೆ ಅಸ್ತಂಗತನಾಗುತ್ತಾನೆ. ಕತ್ತರಿಸಲು ಮಾತ್ರ ನನಗೇಕೋ ಮನಸ್ಸು ಬರುತ್ತಿಲ್ಲ.

ಅವನ ಜನ್ಮವೃತ್ತಾಂತ ಘನವಾದುದೇನಲ್ಲ. ನನ್ನ ಹೆಂಡತಿ ನೀಲಮ್ಮ ಜರಡಿ ತೂಗುಹಾಕಲು ಗೋಡೆಗೊಂದು ಮೊಳೆ ಬೇಕೆಂದಳು. ನಾನು ಸುತ್ತಿಗೆ ಎತ್ತಿದೆ. ಮೊಳೆ ತನ್ನ ಜಾಗದಲ್ಲಿತ್ತು, ಸುತ್ತಿಗೆ ತನಗೆ ಬೇಕಾದ ಜಾಗಕ್ಕೆ ಬಿತ್ತು, ನಡುವೆ ಬಡಪಾಯಿ ಹೆಬ್ಬೆರಳು ಸಿಕ್ಕಿಕೊಂಡಿತು. ಆಂಧ್ರದ ಆದೋನಿಯ ಹತ್ತಿ ಮಂಡಿಯಲ್ಲಿ ಆಯುಷ್ಯದ ಬಹುಭಾಗ ಕಳೆದ ನನಗೆ ಈ ಬೆರಳು ಸಾಮಾನ್ಯದ್ದಲ್ಲ. ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದೆಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು ನಾನು. ಅಂಥ ಬೆರಳನ್ನು ಒಂದು ಜರಡಿಗಾಗಿ ಜಜ್ಜಿಕೊಂಡದ್ದನ್ನು ಕಂಡು ನೀಲಮ್ಮ ಅರಿಸಿನ ಹಚ್ಚಿದಳು, ಬಟ್ಟೆ ಸುತ್ತಿದಳು, ಆಮೇಲೆ ಆ ಮೊಳೆಯನ್ನು ತಾನೇ ಹೊಡೆದಳು.

ವ್ಯಾಪಾರ ಬಿಟ್ಟ ಮೇಲೆ ನಾವಿಬ್ಬರೂ ಆದೋನಿಯ ಹತ್ತಿರದ ಪೆದ್ದಹರಿವಾಣದಲ್ಲಿರುವ ಅವಳ ತವರಿನ ಮಾಳಿಗೆ ಮನೆಗೆ ಬಂದು ನೆಲೆಸಿದ್ದೇವೆ. ಊರಿಗೆಲ್ಲ ಅವಳು ಮಗಳಾದ್ದರಿಂದ ನಾನು ಊರಿಗೆಲ್ಲ ಅಳಿಯ. ಅಳಿಯನಿಗೆ ಉಪಚಾರ ಎಷ್ಟು ಸಲ್ಲುತ್ತದೋ ಗೇಲಿಯೂ ಅಷ್ಟೇ ಸಲ್ಲುತ್ತದೆ ಎಂಬುದನ್ನು ನಾನು ಮುದುಕನಾಗುವ ಹೊತ್ತಿಗೆ ಕಲಿತೆ. ಕೂಲಿಯಾಳುಗಳು ಸುಲಭವಾಗಿ ಸಿಗದ ಈ ಕಾಲದಲ್ಲಿ ಮನೆಯ ಕೆಲಸವನ್ನೆಲ್ಲ ಸ್ವಹಸ್ತದಿಂದಲೇ ಮಾಡುವೆನೆಂದು ನಾನು ಸಂಕಲ್ಪ ಮಾಡಿದಾಗ ಊರಿಗೆ ಒಂದು ವರ್ಷದ ಮನರಂಜನೆಗೆ ವ್ಯವಸ್ಥೆಯಾದಂತಾಯಿತು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಂಬಿ ಇಳಿದವನಿಗೆ ಮೊದಲು ದೊರೆತದ್ದು ಮುಳ್ಳು. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿನ ಬಳ್ಳಾರಿ ಜಾಲಿ ಕಡಿಯಹೋದೆ. ಅದರ ಮುಳ್ಳು ಚಪ್ಪಲಿಯನ್ನು ದಾಟಿ, ಅಂಗಾಲನ್ನು ದಾಟಿ, ನನ್ನ ಆತ್ಮಾಭಿಮಾನದವರೆಗೂ ಹೋಯಿತು. ಅಲ್ಲೇ ಬಿದ್ದಿದ್ದ ಹಾಸುಬಂಡೆಗಳನ್ನು ಸರಿಸುವಾಗ ನೀಲಮ್ಮ ಒಂದು ವಿದ್ಯೆ ತೋರಿಸಿದಳು. ಬಂಡೆಯನ್ನು ಎತ್ತುವಾಗ ನಮ್ಮ ಕಡೆಯ ಅಂಚನ್ನು ಎತ್ತಬಾರದು. ಹಾರೆ ಹಾಕಿ ಆಚೆಯ ಅಂಚನ್ನು ಎತ್ತಬೇಕು. ಆಗ ಬಂಡೆ ನಮಗೂ ಅದರ ಕೆಳಗಿನ ಚೇಳಿಗೂ ನಡುವೆ ಬಾಗಿಲಿನಂತೆ ನಿಲ್ಲುತ್ತದೆ, ಚೇಳು ತನ್ನ ದಾರಿ ಹಿಡಿದು ಆಚೆ ಹೋಗುತ್ತದೆ. ಮದುವೆಯಾಗಿ ಇಷ್ಟು ಕಾಲವಾದರೂ ಈಕೆಯಲ್ಲಿ ಇಂಥ ವಿದ್ಯೆಗಳಿದ್ದದ್ದು ನನಗೆ ಗೊತ್ತಿರಲಿಲ್ಲ. ಆದೋನಿಯ ಮನೆಯಲ್ಲಿ ಬಂಡೆಯೂ ಇರಲಿಲ್ಲ, ಚೇಳೂ ಇರಲಿಲ್ಲ, ತೋರಿಸಲು ಅವಳಿಗೆ ಆಸ್ಪದವೂ ಇರಲಿಲ್ಲ.

ಮಣ್ಣಿನ ಮಾಳಿಗೆಯ ಮನೆಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿಗಳು, ಜಂತಿಗಳ ಮೇಲೆ ಕಡ್ಡಿ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಸವುಳು ಮಣ್ಣು ತಂದು ಮೇಲೆ ಹರಡುತ್ತಾರೆ. ಬೆಳೆ ಬಾರದ ನೆಲದ ಆ ಉಪ್ಪುಮಣ್ಣು ನೀರು ಬಿದ್ದೊಡನೆ ಬಿರುಕುಗಳನ್ನೆಲ್ಲ ಮುಚ್ಚಿ ಕೂರುತ್ತದೆ. ಒಳಗೆ ಕಡು ಬೇಸಿಗೆಯಲ್ಲೂ ತಣ್ಣಗೆ. ಈ ಮನೆಯ ಮೇಲೆ ಆದೋನಿಯಲ್ಲಿ ಬೀಜದಂಗಡಿ ಇಟ್ಟಿರುವ ನನ್ನ ಭಾವಮೈದನ ಕಣ್ಣು ಬಹಳ ದಿನಗಳಿಂದ ಇತ್ತು. ಕೆಡವಿ ಸ್ಲ್ಯಾಬ್ ಹಾಕಿಸಿಬಿಡೋಣ ಎಂಬುದು ಅವನ ವಾದ. ಹುಟ್ಟಿದ ಮನೆ ಉಳಿಯಬೇಕೆಂಬುದು ನೀಲಮ್ಮನ ಹಟ. ಕೊನೆಗೆ ಅಕ್ಕ ತಮ್ಮ ಒಂದು ಒಪ್ಪಂದಕ್ಕೆ ಬಂದರು: ಈ ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಮನೆ ಅವನ ಮಾತಿನಂತೆ, ಸೋರದಿದ್ದರೆ ಅವಳ ಮಾತಿನಂತೆ. ಅವಳ ಪಕ್ಷಕ್ಕೆ ದುಡಿಯಲು ಇದ್ದ ಏಕೈಕ ಸೈನಿಕ ನಾನು, ಬೆರಳಿಗೆ ಬಟ್ಟೆ ಸುತ್ತಿಕೊಂಡವನು.

ಮಣ್ಣಿನ ಕೆಲಸಕ್ಕೆ ಮುಂಚೆ ನೀಲಮ್ಮ ಅಡಿಗೆಮನೆಯ ನೆಲದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಮೇಲೆ ನೋಡಿದಳು. ನಮ್ಮಲ್ಲಿ ಸೋಮಾರಿಗಳನ್ನು ಜಂತಿ ಎಣಿಸುವವರೆಂದು ಹಾಸ್ಯ ಮಾಡುತ್ತಾರೆ. ನಾನೂ ಎಷ್ಟು ಲೆಕ್ಕ ಬಂತೆಂದು ಕೇಳಿದೆ.

"ಎಣಿಸಾಕ್ಹತ್ತಿಲ್ರಿ, ನೋಡಾಕ್ಹತ್ತೀನಿ. ಯಾವುದು ಬಾಗೈತಿ, ಯಾವುದ್ರಾಗ ಪುಡಿ ಉದುರತೈತಿ ಅಂತ. ಈ ನಡುವಿನ ತೊಲಿಗೆ ಭಾರ ಭಾಳ ಆಗೈತಿ. ಮೊದಲು ಹಳೇ ಮಣ್ಣು ಕೆರದು ತಗೀರಿ, ಆಮ್ಯಾಲೆ ತೆಳ್ಳಗ ಹೊಸದು ಹಾಕ್ರಿ."

ಏಣಿ ಹತ್ತಿ ನಾನು ಕೆರೆಯತೊಡಗಿದ್ದು ನಿಜ. ಆದರೆ ಮನಸ್ಸು ಒಪ್ಪಲಿಲ್ಲ. ಸೋರಬಾರದೆಂಬ ಮಾಳಿಗೆಯ ಮೇಲಿನಿಂದ ಮಣ್ಣು ತೆಗೆಯುವುದೆಂದರೆ ಮಳೆಗೆ ಮುಂಚೆ ಕೊಡೆಯ ಬಟ್ಟೆ ಬಿಚ್ಚಿದಂತಲ್ಲವೇ? ಮೂಟೆ ಹೆಚ್ಚಿದಷ್ಟೂ ಲಾಭ ಎಂಬುದು ಮಂಡಿಯವನ ತರ್ಕ. ಕೆರೆಯುವುದನ್ನು ಬಿಟ್ಟು, ಅಂಗಳದಲ್ಲಿ ಟ್ರ್ಯಾಕ್ಟರಿನವನು ಸುರಿದಿದ್ದ ಸವುಳನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಅದರ ಮೇಲೆಯೇ ಸುರಿದೆ. ಎಲ್ಲ ಅಳಿಯಂದಿರೂ, ಊರಿಗೆ ಬಂದ ಹೊಸ ಉಮೇದಿನಲ್ಲಿ, ಹೀಗೆಯೇ ಮಾಡುತ್ತಾರೆಂದು ಆಮೇಲೆ ಗೊತ್ತಾಯಿತು. ನಾನು ಹತ್ತಿಳಿಯುವ ಸದ್ದು ಕೇಳುತ್ತಿದ್ದ ನೀಲಮ್ಮ, ಹಳೆಯ ಮಣ್ಣು ಕೆಳಗಿಳಿಯುತ್ತಿದೆಯೆಂದೇ ನಂಬಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಮಾಳಿಗೆಯ ನಟ್ಟನಡುವೆ ನಿಂತು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದಾಗ ಕಾಲಿನ ಕೆಳಗೆ ಏನೋ ಲಟಕ್ಕೆಂದಿತು. ಒಳಗೆ ಬೆಳಕಿಂಡಿಯ ಬಿಸಿಲುಕೋಲಿನಲ್ಲಿ ಧೂಳು ಸುರಿಯುವುದನ್ನು ಅವಳು ಅದಕ್ಕೂ ಮುಂಚೆ ಕಂಡಿದ್ದಳು. ಕ್ಷಣದಲ್ಲಿ ಅಂಗಳಕ್ಕೆ ಬಂದು ನಿಂತವಳ ದನಿಯಲ್ಲಿ ಗಾಬರಿಯೇ ಇರಲಿಲ್ಲ. ನನಗೆ ಆ ದನಿ ಕೇಳಿಯೇ ಭಯವಾಯಿತು.

"ಅಲ್ಲೇ ಕುಂದ್ರಿ. ನಡೀಬ್ಯಾಡ್ರಿ. ಬೋರಲ ಮಕ್ಕೊಂಡು, ಕೈಕಾಲು ಅಗಲ ಮಾಡಿ, ನಿಧಾನಕ್ಕ ಗ್ವಾಡಿ ಕಡಿ ಸರೀರಿ."

ನಾನು ಸರಿದೆ. ತೆವಳಿ ತೆವಳಿ ಗೋಡೆಯ ಮೇಲಂಚು ಮುಟ್ಟಿದೆ. ಸದ್ದಿಗೆ ಓಡಿಬಂದ ಪಕ್ಕದ ಮನೆಯ ಹುಸೇನಪ್ಪ ಅಡಿಗೆಮನೆಗೆ ನುಗ್ಗಹೊರಟ. "ಅಕ್ಕಾ, ಒಳಗ ಸಿಲಿಂಡರ್ ಐತಿ, ತಗದುಬಿಡ್ತೀನಿ" ಎಂದವನ ತೋಳನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ಆಫ್ ಮಾಡೇ ಬಂದೀನಿ. ಒಳಗ ಇರೋದೆಲ್ಲ ಸಾಮಾನು. ಸಾಮಾನಿಗಾಗಿ ಯಾರೂ ಹೋಗೋದು ಬ್ಯಾಡ."

ಆ ಸಾಮಾನಿನಲ್ಲಿ ಅವಳ ತಾಯಿಯ ಒರಳಿತ್ತು, ವರ್ಷದ ಉಪ್ಪಿನಕಾಯಿ ಇತ್ತು, ಅವಳು ಉಳಿಸಿಕೊಳ್ಳಬೇಕೆಂದು ಹಟ ಹಿಡಿದ ಮನೆಯೇ ಇತ್ತು. ಎಲ್ಲವನ್ನೂ ಒಂದೇ ಮಾತಿನಲ್ಲಿ ಸಾಮಾನು ಎಂದುಬಿಟ್ಟಳು. ಗೋಡೆಯ ಮೇಲೆ ಹಲ್ಲಿಯಂತೆ ಅಂಟಿಕೊಂಡಿದ್ದ ನಾನು ಆ ಮಾತನ್ನು ಕೇಳಿದೆ. ಅವಳನ್ನು ಅಷ್ಟು ಗೌರವದಿಂದ ನಾನು ಹಿಂದೆಂದೂ ನೋಡಿರಲಿಲ್ಲ. ನಾನು ಏಣಿ ಇಳಿದು ಕಾಲೂರಿದ ಮೇಲೆ ಹುಸೇನಪ್ಪ ಮಾತ್ರ ಅಳಿಯನಿಗೆ ಸಲ್ಲಬೇಕಾದ್ದನ್ನು ತೆಲುಗು ಬೆರೆಸಿ ಸಲ್ಲಿಸಿದ: "ಪರ್ವಾಲೇದು ಭಾವಾ, ಅಂಬೆಗಾಲು ಇನ್ನಾ ಮರ್ತಿಲ್ಲ ನೀವು."

ತೊಲೆ ಸೀಳಿತ್ತು, ಬಿದ್ದಿರಲಿಲ್ಲ. ಆ ದಿನ ಯಾರನ್ನೂ ಅವಳು ಒಳಗೆ ಬಿಡಲಿಲ್ಲ. ಮರುದಿನ ಉದ್ದ ಬಿದಿರಿನ ತುದಿಗೆ ಒಂದು ಹಲಗೆ ಕಟ್ಟಿ, ಗೋಡೆಯ ಮೇಲೆಯೇ ಕುಳಿತು, ನನ್ನ ಶ್ರಮವನ್ನೆಲ್ಲ ಮೆಲ್ಲಗೆ ಕೆಳಗೆ ಎಳೆದು ಹಾಕಿದಳು. ಅದರ ಕೆಳಗೆ ಯಾವ ಕಾಲದ ಅಳಿಯಂದಿರೋ ಹಾಕಿದ್ದ ಪದರಗಳೂ ಇದ್ದವು. ಭಾರ ಇಳಿದ ಮೇಲೆಯೇ ಹುಸೇನಪ್ಪನೂ ಅವಳೂ ಸೇರಿ ಸೀಳಿನ ಕೆಳಗೆ ಬೇವಿನ ಕಂಬವೊಂದನ್ನು ಆಸರೆ ನಿಲ್ಲಿಸಿದರು. ಅನಂತರ ತೆಳ್ಳಗೆ, ಬೆರಳುದ್ದವೂ ದಪ್ಪವಿಲ್ಲದಂತೆ, ಹೊಸ ಸವುಳು ಹರಡಿದಳು. ನನಗೆ ಕೆಳಗಿನಿಂದ ಏಣಿ ಹಿಡಿಯುವ ಹುದ್ದೆ ಸಿಕ್ಕಿತು. ಅದನ್ನು ನಾನು ನಿಷ್ಠೆಯಿಂದ ನಿರ್ವಹಿಸಿದೆನೆಂದು ಹೇಳಿಕೊಳ್ಳಬಲ್ಲೆ.

ಮಳೆ ಬಂತು. ಈ ಸಲ ನಮ್ಮ ಕಡೆಗೆ ಅಪರೂಪವೆನ್ನುವಷ್ಟು ಬಂತು. ಭಾವಮೈದ ಛತ್ರಿ ಹಿಡಿದು ಪರೀಕ್ಷಕನಂತೆ ಬಂದು, ಕೋಣೆ ಕೋಣೆಯಲ್ಲೂ ತಲೆ ಎತ್ತಿ ನೋಡಿ, ಒಣಗಿದ ನೆಲದ ಮೇಲೆ ಕುಳಿತು ರೊಟ್ಟಿ ತಿಂದು, ಸ್ಲ್ಯಾಬಿನ ಮಾತೆತ್ತದೆ ಹೋದ. ಅವನು ತಿರುವು ದಾಟುವವರೆಗೂ ನೀಲಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಮೊನ್ನೆ ಕ್ಯಾಲೆಂಡರಿಗೆಂದು ಅಡಿಗೆಮನೆಯಲ್ಲಿ ಇನ್ನೊಂದು ಮೊಳೆ ಬೇಕಾಯಿತು. ಸುತ್ತಿಗೆ ಪಕ್ಕಕ್ಕಿಟ್ಟು ಮೊದಲು ನೆಲದ ಮೇಲೆ ಅಂಗಾತ ಮಲಗಿ ಮೇಲೆ ನೋಡಿದೆ. ಮೊಳೆಗೂ ಜಂತಿಗೂ ಸಂಬಂಧವಿಲ್ಲವೆಂಬುದು ನನಗೂ ಗೊತ್ತು, ಆದರೂ ನೋಡಿದೆ. ಅವಳೂ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಮಲಗಿದಳು. ಸೀಳಿದ ತೊಲೆಯ ಕಡೆಗೆ ಬೆರಳು ಮಾಡಿದಳು.

"ಅವತ್ತು ನಿಮ್ಮ ಕಾಲು ಅಲ್ಲಿದ್ದವು. ನಾನು ಇಲ್ಲೇ ಕುಂತಿದ್ದೆ."

ಇಲ್ಲೇ ಎಂದರೆ ನಾನು ಮಲಗಿದ್ದ ಜಾಗ, ಸೀಳಿನ ನೇರ ಕೆಳಗೆ, ಈಗ ಬೇವಿನ ಕಂಬ ನಿಂತಿರುವುದರ ಬುಡ. ಇಷ್ಟು ದಿನವೂ ಆ ಕಥೆಯನ್ನು ನಾನು ಮೇಲಿನಿಂದ ಬೀಳಬಹುದಾಗಿದ್ದವನ ಕಥೆಯೆಂದೇ ಊರಿಗೆಲ್ಲ ಹೇಳಿ ನಗಿಸಿದ್ದೆ. ಆ ಬುಟ್ಟಿಗಳನ್ನೆಲ್ಲ ನಾನು ಯಾರ ತಲೆಯ ಮೇಲೆ ಹೊರಿಸುತ್ತಿದ್ದೆನೆಂಬುದು ಅವಳಿಗೆ ಅವತ್ತೇ ಗೊತ್ತಿತ್ತು, ಹೇಳಿರಲಿಲ್ಲ, ಅಷ್ಟೆ. ನಾನು ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಹೆಬ್ಬೆರಳನ್ನು ಬೆಳಕಿಂಡಿಯ ಕಡೆಗೆ ತಿರುಗಿಸಿ, ಅಂಚಿಗೆ ಬಂದ ಕಪ್ಪನ್ನು ನೋಡಿ, "ಉಗುರು ತಗೀರಿ ಇನ್ನ, ಬೆಳದೈತಿ" ಎಂದಳು. ನಾಳೆ ತೆಗೆಯುತ್ತೇನೆ ಎಂದೆ. ನಾಳೆ ಎಂದದ್ದು ಇವತ್ತಿಗೂ ಬಂದಿಲ್ಲ.