ಗಡಿಯಾರ ನೋಡಿಕೊಂಡು ಬರುವ ನೋವು

ಮೊನ್ನೆ ದಾವಣಗೆರೆಯ ಆಸ್ಪತ್ರೆಯಲ್ಲಿ ನನ್ನ ಸೊಸೆಯ ಕೈಗಳನ್ನು ಕರಗಿದ ಮೇಣದಲ್ಲಿ ಅದ್ದಿಸಿದರು, ಕೀಲುಗಳ ಬಿಗಿ ಸಡಿಲವಾಗಲೆಂದು. ಆ ಬೆಚ್ಚನೆಯ ವಾಸನೆಗೆ ನನಗೆ ಎದುರುಮನೆಯ ಸೊಸೆ ನೆನಪಾದಳು. ಅವಳೂ ಹರಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಬೆರಳಿಗೆ ಹಚ್ಚಿಕೊಳ್ಳುತ್ತಿದ್ದಳು...

ಎಪ್ಪತ್ತರ ದಶಕದ ಕೊನೆಯ ಮಾತು. ನಾವಾಗ ಚನ್ನಗಿರಿಯಲ್ಲಿದ್ದೆವು. ಅವಳು ಜಗಳೂರು ಸೀಮೆಯ ಸೊಕ್ಕೆಯಿಂದ ಬಂದವಳು, ನನಗಿಂತ ಚಿಕ್ಕವಳು. ಮದುವೆಯಾಗಿ ಒಂದೆರಡು ವರ್ಷಕ್ಕೆ ಬೆಳಗಿನ ಹೊತ್ತು ಅವಳ ಬೆರಳು ಮಡಚದಾದವು. ರಂಗೋಲಿ ಪುಡಿ ಚಿಟಿಕೆಗೆ ಸಿಗುತ್ತಿರಲಿಲ್ಲ. ಬಿಸಿಲೇರಿದಂತೆ ತಾನೇ ಸಡಿಲ. ಮಧ್ಯಾಹ್ನ ಕಟ್ಟೆಗೆ ಕೂತು ಮಲ್ಲಿಗೆ ಕಟ್ಟುವಳು. ಅದೇ ಅವಳಿಗೆ ಮುಳುವಾಯಿತು.

"ಬೆಳಿಗ್ಗೆ ಕಸ ಗುಡಿಸಾಕೆ ಕೈ ಬರಲ್ಲ, ಮಧ್ಯಾಹ್ನ ಹೂ ಕಟ್ಟಾಕೆ ಬರ್ತೈತೆ. ಗಡಿಯಾರ ನೋಡ್ಕಂಡು ಬರೋ ರೋಗಾನ ಎಲ್ಲಾದ್ರೂ ಕಂಡೀರೇನ್ರೇ?" ಎಂದು ಅವಳ ಅತ್ತೆ ಓಣಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಪರೀಕ್ಷೆ ಮಾಡಬೇಕೆಂದೇ ತುಂಬಿದ ಹಾಲಿನ ಚೊಂಬನ್ನು ಅವಳ ಕೈಗೆ ಕೊಟ್ಟರಂತೆ. ಚೊಂಬು ಬಿತ್ತು, ಹಾಲೆಲ್ಲ ನೆಲದ ಪಾಲಾಯಿತು. ಬೇಕಂತಲೇ ಬಿಟ್ಟಳು ಎಂಬ ಮಾತು ಬಂತು.

ನನಗೆ ಮಾತ್ರ ಅವಳ ಮೇಲೆ ಅನುಮಾನ ಬರಲಿಲ್ಲ. ಅಂಗೈ ಬಿಚ್ಚದೆ ಪೂಜೆಗೆ ಇಷ್ಟಲಿಂಗ ಹಿಡಿಯುವುದು ಹೇಗೆ? ಕೈ ಸಡಿಲಾಗಿ ಪೂಜೆ ಮುಗಿಯುವ ತನಕ ಅವಳು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಸುಳ್ಳು ಹೇಳುವವಳು ದಿನಾ ಹೊಟ್ಟೆ ಕಾಯಿಸುತ್ತಾಳೆಯೇ?

ಆಗೆಲ್ಲ ಕೀಲು ಹಿಡಿದರೆ ವಾಯು ಎಂದೇ ಲೆಕ್ಕ. ಬದನೆಕಾಯಿ, ಆಲೂಗಡ್ಡೆ ಬಿಡಿಸಿದರು. ಎಕ್ಕದ ಎಲೆ ಕಾಯಿಸಿ ಕಟ್ಟಿದರು. ನ್ಯಾಮತಿಯಿಂದ ಬಂದವರೊಬ್ಬರು ಮಣಿಕಟ್ಟಿಗೆ ಬರೆ ಹಾಕಿದರು. ಆಮೇಲೆ ಹೊನ್ನಾಳಿ ಸಂತೆಯಿಂದ ಯಾವುದೋ ಪುಡಿ ಬಂತು. ಅದನ್ನು ತಿಂದ ಮೂರ್ನಾಲ್ಕು ದಿನಕ್ಕೇ ಅವಳು ಮುಂಜಾನೆ ಎದ್ದು ರೊಟ್ಟಿ ತಟ್ಟಿದಳು! ಬರಬರುತ್ತ ಮುಖ ದುಂಡಗೆ ತುಂಬಿಕೊಂಡಿತು. ನನಗೆ ಬಾವಿನಂತಿದ್ದ ಆ ದುಂಡಗಿನ ಮುಖ ಕಂಡರೇ ಭಯ. ಅವಳ ಅತ್ತೆಗೋ ಖುಷಿ. "ಚಿಟಿಕಿ ಪುಡಿಗೆ ಓಡೋಗೋ ರೋಗ ರೋಗವೇನೇ?" ಪುಡಿ ಮುಗಿದದ್ದೇ ಅವಳು ಹಾಸಿಗೆ ಬಿಟ್ಟು ಏಳಲಾರದೆ ಹೋದಳು.

ಕೊನೆಗೆ ಅವಳ ಗಂಡ ದಾವಣಗೆರೆಗೆ ಕರೆದೊಯ್ದರು. ಜೊತೆಗೆ ನಾನೂ ಹೋದೆ. ಡಾಕ್ಟರು ಅವಳ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಬೆಳಿಗ್ಗೆ ಬಿಗಿಯಾಗಿದ್ದು ಮಧ್ಯಾಹ್ನಕ್ಕೆ ಸಡಿಲವಾಗುತ್ತೇನಮ್ಮ?" ಎಂದರು.

ಅವಳ ಮುಖ ಬಿಳುಚಿತು. ಅತ್ತೆ ಇಲ್ಲಿಗೂ ಚಾಡಿ ಮುಟ್ಟಿಸಿದ್ದಾರೆ ಎಂದುಕೊಂಡಳೋ ಏನೋ. "ಇಲ್ರೀ ಸಾರ್, ದಿನಾಪೂರ್ತಿ ಹಂಗೇ ಇರ್ತೈತೆ" ಎಂದುಬಿಟ್ಟಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದೇ.

ನಾನು ತಡೆಯಲಾರದೆ, "ಸಡಿಲಾಗ್ತೈತ್ರೀ ಡಾಕ್ಟ್ರೇ, ಹೂವೂ ಕಟ್ತಾಳೆ" ಎಂದೆ.

"ಅದೇ ಈ ರೋಗದ ಗುರುತು ಕಣಮ್ಮ. ಅದನ್ನ್ಯಾಕೆ ಮುಚ್ಚಿಡ್ತೀಯ?" ಎಂದರು ಅವರು. ಅವಳು ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಪುಡಿಯ ಕಥೆ ಕೇಳಿ ಡಾಕ್ಟರು ಗದರಿದರು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಮುಖ ಊದಿದ್ದೂ ಅದರಿಂದಲೇ ಎಂದರು. ರಕ್ತ ಪರೀಕ್ಷೆ, ಎಕ್ಸ್‌ರೇ ಆದವು. ಸಂಧಿವಾತ ಎಂಬ ಕೀಲುರೋಗ ಎಂದರು. ಬಂಗಾರದ ಸತ್ವವಿರುವ ಇಂಜೆಕ್ಷನ್ ಬರೆದುಕೊಟ್ಟರು.

ರೋಗಕ್ಕೊಂದು ಹೆಸರು ಸಿಕ್ಕಿತು, ಇನ್ನು ಅವಳನ್ನು ನಂಬುತ್ತಾರೆ ಎಂದು ನಾನು ದೇವರಿಗೆ ಕಾಯಿ ಒಡೆಸಿದೆ. ಆದರೆ ಅವಳ ಅತ್ತೆ, "ಮದುವೇಲಿ ಮೈಮೇಲೆ ಹಾಕದ ಬಂಗಾರಾನ ಈಗ ಮೈಯೊಳಗೆ ಹಾಕಿಸ್ಕಂತಾಳಂತೆ!" ಎಂದರು. ವರ್ಷಗಟ್ಟಲೆ ಇರುವ ರೋಗ ಎಂದು ಡಾಕ್ಟರು ಹೇಳಿದ್ದರಲ್ಲ, ಅದನ್ನೇ ಹಿಡಿದುಕೊಂಡರು. ಹಾಗಾದರೆ ತವರಿನವರಿಗೆ ಮೊದಲೇ ಗೊತ್ತಿತ್ತು, ಮುಚ್ಚಿಟ್ಟು ಕೊಟ್ಟಿದ್ದಾರೆ...

ಅವಳ ಅಪ್ಪ ಸೊಕ್ಕೆಯಿಂದ ಬಂದು ಆ ಮನೆಯ ಅಂಗಳದಲ್ಲಿ ಹೆಗಲ ಟವಲು ಕೈಗೆ ತೆಗೆದುಕೊಂಡು ನಿಂತರು. "ದೇವರಾಣೆ ಗೊತ್ತಿರಲಿಲ್ಲ ತಾಯಿ." ಯಾರೂ ಒಳಗೆ ಬನ್ನಿ ಎನ್ನಲಿಲ್ಲ. ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು. ಇಂಜೆಕ್ಷನ್ ಅರ್ಧಕ್ಕೇ ನಿಂತಿತು. ವರ್ಷದೊಳಗೆ ಎದುರುಮನೆಗೆ ಬೇರೆ ಸೊಸೆ ಬಂದಳು. ತವರು ಸೇರಿದವಳ ಕೈ ಪೂರ್ತಿ ಮುರುಟಿಕೊಂಡವಂತೆ, ಎಂಬತ್ತರ ದಶಕದ ನಡುವಿನಲ್ಲಿ ತೀರಿಕೊಂಡಳಂತೆ... ಬರೀ ಅಂತೆಗಳು. ಒಂದು ಸಲವಾದರೂ ಹೋಗಿ ನೋಡಲು ನನಗಾಗಲಿಲ್ಲ.

ಈಗ ಅದೇ ರೋಗ ಬಂದಿರುವ ನನ್ನ ಸೊಸೆಗೆ ವಾರಕ್ಕೊಂದೇ ದಿನ ಮಾತ್ರೆ. ಅಷ್ಟರಿಂದ ಏನಾದೀತು ಎಂದು ನಾನು ಮೊದಲು ನಂಬಲಿಲ್ಲ. ಆದರೆ ನಿಧಾನವಾಗಿ ಗುಣ ಕಾಣುತ್ತಿದೆ. ಶಿವ ಕಣ್ಣುಬಿಟ್ಟಿದ್ದಾನೆ. ನಿನ್ನೆ ಅವಳ ತಾಯಿ ನೋಡಲು ಬಂದಿದ್ದರು. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದಾಗ ಕೈ ಮುಗಿದು, "ಅಕ್ಕಾರೆ, ಮದುವೆಗೆ ಮುಂಚೆ ಇದು ಇರಲೇ ಇಲ್ಲ, ದೇವರಾಣೆ..." ಎಂದರು.

ನಾನು ಕೇಳಿಯೇ ಇರಲಿಲ್ಲ. ಆದರೂ ಆ ಹೆಂಗಸು ಮುಗಿದ ಕೈ ಇಳಿಸಲಿಲ್ಲ.

"ಕುಂತ್ಕಳ್ರೀ ಬೀಗ್ರೇ" ಎಂದು ಮಣೆ ಹಾಕಿದೆ. ನನಗೂ ಕಣ್ಣು ತುಂಬಿ ಬಂತು. ಅಂದು ಟವಲು ಹಿಡಿದು ನಿಂತಿದ್ದ ಆ ಅಪ್ಪನಿಗೆ ಇಷ್ಟು ಹೇಳುವವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ.