ದುರ್ಗದಲ್ಲಿ ಓಗೊಡದ ಮಕ್ಕಳು

ಮೊನ್ನೆ ಮೂಡಿಗೆರೆ ಸಂತೆಯಲ್ಲಿ ಹೊಗೆಸೊಪ್ಪಿನ ಅಂಗಡಿ ದಾಟುವಾಗ ಆ ಘಾಟು ಮೂಗಿಗೆ ಬಡಿಯಿತು. ನೆನಪಾದದ್ದು ಮಾತ್ರ ನನ್ನ ಮಕ್ಕಳ ಪುಟ್ಟ ಕಾಲುಗಳು. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ ಹತ್ತದಿರಲಿ ಎಂದು ಕೊಬ್ಬರಿ ಎಣ್ಣೆಯಲ್ಲಿ ಹೊಗೆಸೊಪ್ಪು ನೆನೆಸಿ ಆ ಕಾಲುಗಳಿಗೆ ತಿಕ್ಕುತ್ತಿದ್ದವಳು ನಾನಲ್ಲ, ಪಕ್ಕದ ಮನೆಯ ಅಕ್ಕ.

ತೊಂಬತ್ತರ ದಶಕದ ಕೊನೆ. ನನ್ನ ಗಂಡ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಅವರ ಗಂಡ ಜೀಪಿನ ಡ್ರೈವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವರಿಗೆ ಮಕ್ಕಳಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದ ಅವರಿಗೂ ನನ್ನ ಎರಡು ಹೆಗ್ಗಣಗಳು ಅಷ್ಟೇ ಮುದ್ದು. ಆರು ವರ್ಷದ ಮಗಳು, ನಾಲ್ಕರ ಮಗ, ಇಬ್ಬರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ನಾನು ಕೊಟ್ಟರೆ ಬೇಡವಾದ ಕಡುಬು ಅವರ ಕೈಯಿಂದ ಸರಾಗವಾಗಿ ಇಳಿಯುತ್ತಿತ್ತು. ಮೇಲೆ ನಗುತ್ತಿದ್ದೆ, ಒಳಗೆ ಹೊಟ್ಟೆ ಉರಿಯುತ್ತಿತ್ತು.

ಆ ದಸರಾ ರಜೆಯಲ್ಲಿ ಬಲ್ಲಾಳರಾಯನ ದುರ್ಗಕ್ಕೆ ಹೋಗೋಣವೆಂದದ್ದು ನಾನೇ. ಮಕ್ಕಳಿಗೆ ಕೋಟೆ ತೋರಿಸಿದವಳು ಅಮ್ಮ ಎಂದಾಗಲಿ ಎಂಬ ಆಸೆ. ಹೊರಡುವ ಹೊತ್ತಿಗೆ ಮಗ ದೊಡ್ಡಮ್ಮನ ಸೆರಗು ಬಿಡಲಿಲ್ಲ... ಏರುದಾರಿಯುದ್ದಕ್ಕೂ ಅವನು ಅವರ ಸೊಂಟದ ಮೇಲೆಯೇ. ಮೇಲೆ ತಲುಪಿದರೆ ಮುರಿದ ಗೋಡೆಗಳಿಗೆಲ್ಲ ಅವರದೇ ಕತೆ. ಇದು ರಾಣಿಯ ಬಚ್ಚಲು, ಅದು ಆನೆ ಮಲಗುತ್ತಿದ್ದ ಜಾಗ. ಎಲ್ಲ ಸುಳ್ಳು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಓದಿಕೊಂಡು ಬಂದಿದ್ದ ಇತಿಹಾಸ ಯಾರಿಗೂ ಬೇಕಾಗಲಿಲ್ಲ.

ಬುತ್ತಿ ಬಿಚ್ಚುವಷ್ಟರಲ್ಲಿ ಮಂಜು ಕವಿಯಿತು. ತಿರುಗಿ ನೋಡಿದರೆ ಮಕ್ಕಳಿಲ್ಲ. ಕೋಟೆಗೋಡೆಯ ಆಚೆ ಕಡಿದಾದ ಇಳಿಜಾರು. ಇಬ್ಬರ ಹೆಸರನ್ನೂ ಗಂಟಲು ಹರಿಯುವಂತೆ ಕೂಗಿದೆ. ಸದ್ದಿಲ್ಲ. ಆಗ ಅಕ್ಕ ಬಾಯಿಗೆ ಅಂಗೈ ಅಡ್ಡ ಹಿಡಿದು "ಕೂಊ" ಎಂದರು. ಹತ್ತು ಹೆಜ್ಜೆ ದೂರದ ಮುರಿದ ಗೋಡೆಯ ಮರೆಯಿಂದ ಎರಡು ಪುಟ್ಟ "ಕೂ" ಬಂದವು. ಹಿಂದೆಯೇ ಮಕ್ಕಳು ಓಡಿಬಂದು ಅವರನ್ನು ಅಪ್ಪಿಕೊಂಡರು.

"ನಾನು ಕರೆದದ್ದು ಕೇಳ್ಲಿಲ್ವೇನೇ?" ಎಂದೆ ಮಗಳಿಗೆ.

"ಕೇಳಿಸ್ತು. ಕಾಡಲ್ಲಿ ಹೆಸರು ಹಿಡಿದು ಕರೆದ್ರೆ ಓಗೊಡಬಾರ್ದು, ಅದು ದೆವ್ವ ಅಂತ ದೊಡ್ಡಮ್ಮ ಹೇಳಿದ್ರಲ್ಲ."

ಬೆಟ್ಟಕಾಡಿನಲ್ಲಿ ಕೂ ಹಾಕಿಯೇ ಕರೆಯಬೇಕೆಂಬುದು ಇಲ್ಲಿಯವರಿಗೆಲ್ಲ ಗೊತ್ತು. ಕಡೂರಿನ ಬಯಲಿನಿಂದ ಮದುವೆಯಾಗಿ ಬಂದ ನನಗೆ ಗೊತ್ತಿರಲಿಲ್ಲ. ಮಗಳ ಕೆನ್ನೆಗೆ ಬಾರಿಸಿದೆ.

"ಮಗೂಗೆ ಹೊಡೀಬೇಡ ಮಾರಾಯ್ತಿ. ನಿಂಗೂ ಹೇಳಬೇಕಿತ್ತು, ನನ್ನದೇ ತಪ್ಪು," ಎಂದರು ಅಕ್ಕ. ತಪ್ಪೊಪ್ಪಿಕೊಂಡು ಮಕ್ಕಳ ಕಣ್ಣಲ್ಲಿ ಅವರು ಇನ್ನಷ್ಟು ದೊಡ್ಡವರಾದದ್ದನ್ನು ನನಗೆ ಸಹಿಸಲಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರ ಗಂಡನಿಗೆ ಕಳಸದ ಕಡೆಯ ತೋಟವೊಂದರಲ್ಲಿ ಕೆಲಸವಾಯಿತು. ಅವರು ಹೊರಡುವ ದಿನ ಗೊತ್ತಾದ ಕೂಡಲೇ ಮಕ್ಕಳನ್ನು ನನ್ನ ತವರಿಗೆ ಕಳಿಸಿಬಿಟ್ಟೆ. ಸಾಮಾನು ತುಂಬಿದ ಲಾರಿ ಹಾರ್ನ್ ಹೊಡೆಯುತ್ತಿದ್ದರೂ ಅಕ್ಕ ನಮ್ಮ ಜಗುಲಿಯಲ್ಲೇ ಕೂತಿದ್ದರು. "ಮಧ್ಯಾಹ್ನದ ಬಸ್ಸಿಗೆ ಬರ್ತಾವೇನೋ?" ಎಂದು ಕೇಳಿದರು. "ಬರಬಹುದು" ಎಂದೆ. ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ವಾರದ ಮೇಲೆ ಬಂದ ಮಕ್ಕಳು ದೊಡ್ಡಮ್ಮ ಎಲ್ಲಿ ಎಂದಾಗ, "ಹೇಳದೇ ಹೋದ್ರು" ಎಂದೆ.

ಈ ಬೆಟ್ಟದ ಸೀಮೆಯಲ್ಲಿ ಅವರನ್ನು ಬಿಟ್ಟರೆ ನನಗೂ ಬೇರೆ ಗೆಳತಿ ಇರಲಿಲ್ಲ ಎಂಬುದು ಅವರು ಹೋದ ಮೇಲೆಯೇ ತಿಳಿದದ್ದು...

ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಮಗಳಿಗೂ ಈಗ ಎರಡು ಮಕ್ಕಳು. ಮೊನ್ನೆ ಸಂತೆಯಿಂದ ಬಂದವಳೇ ಅವಳಿಗೆ ಫೋನ್ ಮಾಡಿದೆ, ಇವತ್ತಾದರೂ ನಿಜ ಹೇಳಿಬಿಡೋಣವೆಂದು. ದೊಡ್ಡಮ್ಮನ ಮಾತು ತೆಗೆದೆನಷ್ಟೇ.

"ಬಿಡಮ್ಮ, ಒಂದು ಮಾತೂ ಹೇಳದೇ ಹೋದೋರು. ಕೊನೇವರೆಗೂ ನಮಗಾದದ್ದು ನೀನೇ ಅಲ್ವಾ," ಎಂದಳು.

ಇಪ್ಪತ್ತೈದು ವರ್ಷ ನಾನು ಕಾದಿದ್ದ ಮಾತು. ಕೇಳಿ ಹಿತವಾಯಿತು. ಸುಮ್ಮನಾದೆ.